ಅಂಕಿತ ಯಾರದು?

2008ರ ಆಗಸ್ಟ್ 15ರಂದು ಏಳನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಶಾಲೆಯಲ್ಲಿ ಭಾಷಣ ಮಾಡಿದಳು. ಮಾಸ್ತರು ಬರೆದುಕೊಟ್ಟದ್ದು, ಇವಳು ಬಾಯಿಪಾಠ ಮಾಡಿದ್ದು. ಹಿಂದಿನ ರಾತ್ರಿ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ನಮಗೆಲ್ಲ ಹೇಳಿ ತೋರಿಸಿದಳು. ಅದರಲ್ಲಿ ಲಾರ್ಡ್ ಮೆಕಾಲೆಯ ಹೆಸರಿನಲ್ಲಿ ಒಂದು ಮಾತು ಬರುತ್ತಿತ್ತು. ಅವನು 1835ರ ಫೆಬ್ರುವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ತಾನು ಭಾರತದ ಉದ್ದಗಲ ಸುತ್ತಿದ್ದೇನೆ, ಅಲ್ಲಿ ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ, ಈ ದೇಶವನ್ನು ಗೆಲ್ಲಬೇಕಾದರೆ ಇದರ ಬೆನ್ನೆಲುಬಾದ ಆಧ್ಯಾತ್ಮಿಕ ಪರಂಪರೆಯನ್ನೂ ಹಳೆಯ ಶಿಕ್ಷಣ ಪದ್ಧತಿಯನ್ನೂ ಮುರಿಯಬೇಕು ಎಂದು ಹೇಳಿದನಂತೆ.

ಮೂಲೆಯಲ್ಲಿ ಕುಳಿತಿದ್ದ ಅವ್ವ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ಬಿಟ್ಟು ನನ್ನ ಕಡೆ ನೋಡಿದಳು. "ಯಾಕೋ ಯಪ್ಪಾ, ಆವಾಗ ಭಿಕ್ಷಾ ಬೇಡೋರು ಇದ್ದಿದ್ದಿಲ್ಲಂತೇನು? ಹಬ್ಬದ ಮರುದಿನ ನಮ್ಮವ್ವ ನನ್ನ ಬಗಲಾಗ ಕಟಗೊಂಡು, ಬುಟ್ಟಿ ಹಿಡಕೊಂಡು ಊರಾಗ ತಿರಗತಿದ್ಲು. ಅದಕ್ಕ ಏನಂತಾರ?"

ಇತಿಹಾಸ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮಗಳ ಭಾಷಣದಲ್ಲಿ ಆ ಮಾತು ಹಾಗೆಯೇ ಉಳಿಯಿತು, ಚಪ್ಪಾಳೆಯೂ ಬಿತ್ತು. ಈ ಬರಹ ಅವ್ವನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಮೆಕಾಲೆಯ ಸಂಗತಿ. ಆ ದಿನ ಅವನು ಪಾರ್ಲಿಮೆಂಟಿನಲ್ಲಿರಲಿಲ್ಲ, ಕಲಕತ್ತೆಯಲ್ಲಿದ್ದ. ಆಗಿನ್ನೂ ಲಾರ್ಡ್ ಕೂಡ ಆಗಿರಲಿಲ್ಲ. ಆ ಪದವಿ ಬಂದದ್ದು 1857ರಲ್ಲಿ. 1834ರ ಜೂನ್‌ನಲ್ಲಿ ಮದ್ರಾಸಿಗೆ ಬಂದಿಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ದಾರಿಯಾಗಿ ಊಟಿಗೆ ಹೋಗಿ ಗವರ್ನರ್ ಜನರಲ್ ಬೆಂಟಿಂಕನನ್ನು ಕಂಡು, ಆಮೇಲೆ ಕಲಕತ್ತೆ ಸೇರಿದವನು. ದೇಶದ ಉದ್ದಗಲ ಸುತ್ತಿದವನಲ್ಲ. 1835ರ ಫೆಬ್ರುವರಿ 2ರಂದು ಅವನು ಬರೆದದ್ದು ಶಿಕ್ಷಣದ ಬಗೆಗಿನ ಟಿಪ್ಪಣಿ. ಭಿಕ್ಷುಕ, ಕಳ್ಳ, ಬೆನ್ನೆಲುಬು ಯಾವುದೂ ಅದರಲ್ಲಿಲ್ಲ. ಇರುವುದು ತಿರಸ್ಕಾರ. ಭಾರತ ಮತ್ತು ಅರಬಸ್ತಾನದ ಸಾಹಿತ್ಯವೆಲ್ಲ ಸೇರಿದರೂ ಯುರೋಪಿನ ಒಳ್ಳೆಯ ಗ್ರಂಥಾಲಯವೊಂದರ ಒಂದು ಕಪಾಟಿನ ಸಾಲಿಗೆ ಸಮ ಎಂದು ಬರೆದವನು ನಮ್ಮನ್ನು ಹೊಗಳುವ ಮನಸ್ಸಿನವನಲ್ಲ. ಅವನನ್ನು ಬೈಯಬೇಕಾದರೆ ಅವನು ನಿಜವಾಗಿ ಬರೆದದ್ದೇ ಸಾಕು. ಸುಳ್ಳು ಯಾಕೆ ಬೇಕಾಯಿತು?

ಸುಳ್ಳು ಮಾತಿನಿಂದ ಎರಡು ಕೆಲಸ ಆಗುತ್ತವೆ. ವೈರಿಯ ಬಾಯಿಂದಲೇ ಹಳೆಯ ಸಮಾಜಕ್ಕೆ ಪ್ರಶಸ್ತಿಪತ್ರ ಸಿಗುತ್ತದೆ. ಹಾಗೆಯೇ ನಮ್ಮವರನ್ನು ಶಾಲೆಯ ಹೊರಗಿಟ್ಟ ಪಾಪವೂ ಪರದೇಶಿಯ ತಲೆಗೆ ಹೋಗುತ್ತದೆ. ಇನ್ನೊಂದನ್ನೂ ಗಮನಿಸಬೇಕು. ನಿಜವಾದ ಟಿಪ್ಪಣಿಯಲ್ಲಿ ಧರ್ಮ ಮತ್ತು ಸರಕಾರದ ಬಗ್ಗೆ ಒಂದು ವಾದವಿದೆ. ಕ್ರೈಸ್ತ ಮತಕ್ಕೆ ಜನರನ್ನು ಸೇರಿಸುವವರಿಗೆ ಸರಕಾರ ಉತ್ತೇಜನ ಕೊಡುತ್ತಿಲ್ಲ, ಮುಂದೆಯೂ ಕೊಡಬಾರದು ಎನ್ನುತ್ತಾನೆ. ಹಾಗಿದ್ದ ಮೇಲೆ, ಕತ್ತೆ ಮುಟ್ಟಿದ್ದಕ್ಕೆ ಯಾವ ಶುದ್ಧಿ, ಆಡು ಕೊಂದದ್ದಕ್ಕೆ ಯಾವ ಮಂತ್ರ ಎಂದು ಕಲಿಸುವುದಕ್ಕೆ ಸರಕಾರದ ಬೊಕ್ಕಸದಿಂದ ಹಣ ಏಕೆ ಎಂದು ಕೇಳುತ್ತಾನೆ. ಒಪ್ಪುವುದು ಬಿಡುವುದು ನಮಗೆ ಸೇರಿದ್ದು. ಆದರೆ ಚರ್ಚೆ ಮಾಡಬೇಕಾದ ಮಾತು ಇದು. ಖೊಟ್ಟಿ ಮಾತು ಇದನ್ನು ಮುಚ್ಚಿಹಾಕಿ ತಾನು ಗದ್ದುಗೆ ಏರಿದೆ.

ಆ ಟಿಪ್ಪಣಿಯಾಗಿ 21 ವರ್ಷಕ್ಕೆ ನಮ್ಮ ಧಾರವಾಡದಲ್ಲಿ ಏನಾಯಿತು ಎಂಬುದನ್ನು ನೋಡಿದರೆ ಅವ್ವನ ಪ್ರಶ್ನೆಗೆ ಉತ್ತರ ಸಿಗುತ್ತದೆ.

1856ರ ಜೂನ್‌ನಲ್ಲಿ ಒಬ್ಬ ಅಸ್ಪೃಶ್ಯ ಹುಡುಗ ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಮುಂಬೈ ಸರಕಾರಕ್ಕೆ ಅರ್ಜಿ ಕೊಟ್ಟ. ಕಡತ ಅವನನ್ನು ಮಹಾರ ಎಂದು ಕರೆಯುತ್ತದೆ. 1856ರ ಜುಲೈ 21ರ ಉತ್ತರದಲ್ಲಿ ಮುಂಬೈ ಸರಕಾರ ಹೇಳಿದ್ದರ ಸಾರ ಇಷ್ಟು. ಇದು ಬಹಳ ತೊಡಕಿನ ಪ್ರಶ್ನೆ. ತತ್ವದ ನ್ಯಾಯ ಅರ್ಜಿದಾರನ ಕಡೆಗೇ ಇದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ಪೂರ್ವಗ್ರಹಕ್ಕೆ ಒಮ್ಮೆಲೇ ಕೈ ಹಚ್ಚಿದರೆ ಶಿಕ್ಷಣದ ಕೆಲಸಕ್ಕೇ ದೊಡ್ಡ ಧಕ್ಕೆ. ಈ ತೊಂದರೆ ಈ ಸರಕಾರ ಹುಟ್ಟಿಸಿದ್ದೂ ಅಲ್ಲ.

ನ್ಯಾಯ ನಿನ್ನದು, ಶಾಲೆ ಅವರದು. ಸರಕಾರದ ಧರ್ಮನಿರಪೇಕ್ಷತೆ ನಮ್ಮ ಕೇರಿಗೆ ಮೊದಲು ಬಂದದ್ದು ಈ ರೂಪದಲ್ಲಿ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದಿದ್ದರು. ಅವರು ಬಂದದ್ದು ಮತಕ್ಕಾಗಿ ಎಂದು ದೂರುವವರು ಇಂದಿಗೂ ಇದ್ದಾರೆ. ಮತದ ಗೊಡವೆ ತನಗೆ ಬೇಡವೆಂದ ಸರಕಾರದ ಶಾಲೆ ಮಾತ್ರ ಜಾತಿಯನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿತ್ತು ಎಂಬುದನ್ನು ಅವರು ಹೇಳುವುದಿಲ್ಲ. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಕಡೆಯಿಂದ ಬಂದ ಪತ್ರವೂ ಹೀಗೆಯೇ ಎರಡು ದೋಣಿಯ ಮೇಲೆ ಕಾಲಿಟ್ಟಿತು: ಮುಂಬೈಯವರು ಮಾಡಿದ್ದು ಬಹುಶಃ ಜಾಣತನವೇ, ಆದರೆ ಈ ಹುಡುಗನನ್ನು ಬಂಗಾಳ ಪ್ರಾಂತದ ಯಾವ ಸರಕಾರಿ ಶಾಲೆಯೂ ಹೊರಗಿಡುತ್ತಿರಲಿಲ್ಲ. 1858ರಲ್ಲಿ ಲಂಡನ್ನಿನ ಡೈರೆಕ್ಟರರು ಸರಕಾರದ ಶಿಕ್ಷಣ ಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವ ಬಿಡಲಾಗದು ಎಂದು ಬರೆದರು. ತತ್ವ ಕಾಗದದಲ್ಲಿ ಉಳಿಯಿತು.

ಈ ಕಥೆ ನನಗೆ ತಿಳಿದದ್ದು ಅಂಬೇಡ್ಕರರಿಂದ. 1928ರ ಮೇ 29ರಂದು ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಅವರು ಈ ಧಾರವಾಡದ ಪ್ರಕರಣವನ್ನು ಸವಿವರವಾಗಿ ಎತ್ತಿಕೊಡುತ್ತಾರೆ. ಅವರು ಅದನ್ನು ಎತ್ತಿಕೊಡುವ ಬಗೆಯನ್ನು ನೋಡಬೇಕು. ಹುಡುಗನ ಬಾಯಲ್ಲಿ ಕಣ್ಣೀರಿನ ಮಾತು ಹಾಕುವುದಿಲ್ಲ. ಸರಕಾರದ ಬಾಯಲ್ಲಿ ಅದು ಆಡದ ಕ್ರೂರ ಮಾತನ್ನೂ ಹಾಕುವುದಿಲ್ಲ. ತಾರೀಖು ಹಾಕಿ, ಸರಕಾರ ಆಡಿದ್ದನ್ನು ಆಡಿದಂತೆಯೇ ಮುಂದಿಟ್ಟು, ಅದರ ಶಬ್ದಗಳಿಂದಲೇ ಅದನ್ನು ಕಟಕಟೆಗೆ ತರುತ್ತಾರೆ. ಅದೇ 1928ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯ ವಸತಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ಎಪ್ಪತ್ತು ವರ್ಷದ ಹಿಂದೆ ಒಬ್ಬ ಹುಡುಗನನ್ನು ಹಿಂದಕ್ಕೆ ಕಳಿಸಿದ ಊರು ಅದು. ಉಲ್ಲೇಖವೂ ವಸತಿನಿಲಯವೂ ಒಂದೇ ಕೆಲಸದ ಎರಡು ಮುಖ.

ಇಂಥ ಅಂಬೇಡ್ಕರರ ಮಾತುಗಳಿಗೇ ಈಗ ಏನಾಗಿದೆ?

ಹುಬ್ಬಳ್ಳಿ-ಧಾರವಾಡದವರಿಗೆ ಧರ್ಮ ಮತ್ತು ಸರಕಾರದ ಜಗಳ ಪುಸ್ತಕದ ವಿಷಯವಲ್ಲ. ಈದ್ಗಾ ಮೈದಾನದ ಗಲಾಟೆ, 1994ರ ಆಗಸ್ಟ್ 15ರ ಗೋಲಿಬಾರು, 2022ರಲ್ಲಿ ಅದೇ ಮೈದಾನದಲ್ಲಿ ಗಣಪತಿ ಕೂಡಿಸುವ ವಿಚಾರ ಹೈಕೋರ್ಟಿಗೆ ಹೋದದ್ದು, ಎಲ್ಲವನ್ನೂ ಕಂಡವರು ನಾವು. ಇಂಥ ಪ್ರತಿ ಸಲವೂ ಒಂದಿಲ್ಲೊಂದು ವೇದಿಕೆಯಿಂದ ಬಾಬಾಸಾಹೇಬರ ಹೆಸರಿನ ಒಂದು ಮಾತು ಉದುರುತ್ತದೆ. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಪರೀಕ್ಷಿಸುತ್ತೇನೆ. ಎರಡೂ ಪೂರ್ಣ ಸುಳ್ಳಲ್ಲ. ಅದಕ್ಕೇ ಹೆಚ್ಚು ಅಪಾಯ.

ಮೊದಲನೆಯದು, ಅಂಬೇಡ್ಕರರು ಸೆಕ್ಯುಲರ್ ಎಂಬ ಶಬ್ದವನ್ನೇ ತಿರಸ್ಕರಿಸಿದ್ದರು ಎಂಬುದು. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಮೊದಲನೆಯ ಕಲಮಿಗೆ ಸೆಕ್ಯುಲರ್, ಫೆಡರಲ್, ಸೋಶಲಿಸ್ಟ್ ಎಂಬ ಮೂರು ಶಬ್ದ ಸೇರಿಸಲು ತಿದ್ದುಪಡಿ ತಂದದ್ದೂ, ಅಂಬೇಡ್ಕರರು ಅದನ್ನು ಒಪ್ಪದೆ ಹೋದದ್ದೂ ನಿಜ. ಆದರೆ ಅವರ ವಾದ ನಿಂತದ್ದು ಸಮಾಜವಾದದ ಪ್ರಶ್ನೆಯ ಮೇಲೆ. ಮುಂದಿನ ಜನ ತಮ್ಮ ಸಮಾಜದ ಆರ್ಥಿಕ ರಚನೆಯನ್ನು ತಾವೇ ನಿರ್ಧರಿಸಲಿ, ಸಂವಿಧಾನದಲ್ಲೇ ಅದನ್ನು ಕಟ್ಟಿಹಾಕುವುದು ಬೇಡ; ಮೇಲಾಗಿ ನಿರ್ದೇಶಕ ತತ್ವಗಳಲ್ಲಿ ಆ ಆಶಯ ಈಗಾಗಲೇ ಇದೆ ಎಂದರು. ಸೆಕ್ಯುಲರ್ ತತ್ವದ ವಿರುದ್ಧ ಅವರು ಅಲ್ಲಿ ಮಾತಾಡಲಿಲ್ಲ. ಒಂದು ವರ್ಷ ಹಿಂದೆ, 1947ರಲ್ಲಿ, ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಅವರೇ ಬರೆದಿಟ್ಟ ಮೂಲಭೂತ ಹಕ್ಕುಗಳಲ್ಲಿ, ಪ್ರಭುತ್ವ ಯಾವ ಧರ್ಮವನ್ನೂ ರಾಜ್ಯಧರ್ಮವೆಂದು ಮಾನ್ಯ ಮಾಡಕೂಡದು ಎಂಬ ಕಲಮು ಇದೆ. ಆ ಎರಡು ಶಬ್ದ ಪ್ರಸ್ತಾವನೆಗೆ ಬಂದದ್ದು 1976ರ 42ನೆಯ ತಿದ್ದುಪಡಿಯಿಂದ; ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 25ರಂದು ವಜಾ ಮಾಡಿತು. ಶಬ್ದದ ಸೇರ್ಪಡೆಯ ಬಗ್ಗೆ ವಾದ ಮಾಡುವವರು ಮಾಡಲಿ. ಅಂಬೇಡ್ಕರರನ್ನು ಅರ್ಧ ಕತ್ತರಿಸಿ ಸಾಕ್ಷಿಗೆ ಕರೆಯಬಾರದು.

ಎರಡನೆಯದು, ಸಂವಿಧಾನವನ್ನು ಸುಡುವ ಮಾತು. ಇದು ಅವರೇ ಆಡಿದ್ದು. 1953ರ ಸೆಪ್ಟೆಂಬರ್ 2ರಂದು ರಾಜ್ಯಸಭೆಯಲ್ಲಿ, ಆಂಧ್ರ ರಾಜ್ಯದ ಮಸೂದೆಯ ಮೇಲೆ. ಇದನ್ನು ಹೇಳಿ "ನೋಡ್ರಿ, ಬರದವ್ರಿಗೇ ಬ್ಯಾಡಾಗಿತ್ತು" ಎಂದು ಚಿಟಿಕೆ ಹೊಡೆಯುವವರು, ಆ ದಿನದ ವಿಷಯ ಏನಿತ್ತೆಂದು ಹೇಳುವುದಿಲ್ಲ. ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರ ದಬ್ಬಾಳಿಕೆಯಿಂದ ಕಾಯಲು ರಾಜ್ಯಪಾಲರಿಗೆ ಅಧಿಕಾರ ಬೇಕು ಎಂಬುದು ಅವರ ವಾದವಾಗಿತ್ತು. 1955ರ ಮಾರ್ಚ್ 19ರಂದು ಅದೇ ಸಭೆಯಲ್ಲಿ ಸದಸ್ಯರೊಬ್ಬರು ಹಳೆಯ ಮಾತನ್ನು ಕೆದಕಿದಾಗ ಅವರು ಕಾರಣವನ್ನೂ ಕೊಟ್ಟರು: ದೇವರು ಬಂದು ನೆಲೆಸಲೆಂದು ಗುಡಿ ಕಟ್ಟಿದೆವು, ದೇವರ ಪ್ರತಿಷ್ಠಾಪನೆಗೆ ಮೊದಲೇ ದೆವ್ವ ಬಂದು ಸೇರಿಕೊಂಡರೆ ಗುಡಿಯನ್ನು ಕೆಡವದೆ ಮತ್ತೇನು ಮಾಡುವುದು ಎಂದು. ಸುಡುವ ಮಾತು ನೆನಪಿದ್ದವರಿಗೆ ದೆವ್ವದ ಮಾತು ಯಾಕೆ ಮರೆಯುತ್ತದೆ? ಆ ದೆವ್ವ ಯಾರೆಂಬ ಪ್ರಶ್ನೆ ಎದುರಾಗುತ್ತದಲ್ಲ, ಅದಕ್ಕೆ.

ಧರ್ಮ ಮತ್ತು ಸರಕಾರದ ಬಗ್ಗೆ ಅವರ ಮಾತು ಬೇಕೆಂದರೆ ತಾರೀಖು ಸಮೇತ ಸಿಗುತ್ತದೆ. 1948ರ ಡಿಸೆಂಬರ್ 2ರಂದು ಸಂವಿಧಾನ ಸಭೆಯಲ್ಲಿ ಅವರು, ಈ ದೇಶದಲ್ಲಿ ಧರ್ಮದ ಕಲ್ಪನೆ ಹುಟ್ಟಿನಿಂದ ಸಾವಿನವರೆಗೆ ಬದುಕಿನ ಎಲ್ಲವನ್ನೂ ಆವರಿಸಿದೆ, ಇದಕ್ಕೊಂದು ಮೇರೆ ಹಾಕದಿದ್ದರೆ ಸಮಾಜ ಸುಧಾರಣೆಯ ಕಾನೂನೇ ಸಾಧ್ಯವಿಲ್ಲ ಎಂದು ವಾದಿಸಿದರು. 1856ರಲ್ಲಿ ಮುಂಬೈ ಸರಕಾರ ಕೈ ಹಚ್ಚಲು ಅಂಜಿದ ಯುಗಯುಗಗಳ ಪೂರ್ವಗ್ರಹಕ್ಕೆ ಕೊಟ್ಟ ಉತ್ತರ ಇದು ಎಂದು ನಾನು ಓದಿಕೊಳ್ಳುತ್ತೇನೆ. ಈ ಮಾತನ್ನು ಯಾವ ಬ್ಯಾನರಿನ ಮೇಲೂ ನಾನು ಕಂಡಿಲ್ಲ.

ಇನ್ನು ನಮ್ಮ ಭಾಗದ ದೊಡ್ಡ ಆಸ್ತಿಯಾದ ವಚನಗಳ ವಿಚಾರ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕುಳಿತು ತಾಳೆಗರಿಗಳನ್ನು ಒಟ್ಟುಮಾಡಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರುವ ಮುಂಚೆ ವಚನಗಳು ಪ್ರತಿಕಾರರ ಕೈಯಿಂದ ಕೈಗೆ ದಾಟಿ ಬಂದಂಥವು. ಅವುಗಳ ಒಡೆಯ ಯಾರೆಂದು ತೀರ್ಮಾನಿಸಲು ನಮಗಿರುವ ದೊಡ್ಡ ಆಧಾರ ಅಂಕಿತ. ಅಂಕಿತವೆಂದರೆ ಆಡಿದ ಮಾತಿಗೆ ತಾನು ಹೊಣೆ ಎಂದು ಹಾಕುವ ರುಜು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವನ್ನು ತೆಗೆದು ಲಿಂಗದೇವ ಎಂದು ಹಾಕಿದರು. 1998ರಲ್ಲಿ ರಾಜ್ಯ ಸರಕಾರ ಆ ಪುಸ್ತಕಕ್ಕೆ ನಿಷೇಧ ಹಾಕಿತು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹನ್ನೆರಡನೆಯ ಶತಮಾನದ ರುಜು ಯಾರದೆಂಬ ಜಗಳ ಹೀಗೆ ಸರಕಾರದ ಮೇಜಿಗೆ, ಅಲ್ಲಿಂದ ದಿಲ್ಲಿಯ ಕೋರ್ಟಿಗೆ ಹೋಯಿತು. ಅಂಕಿತ ಬದಲಿಸಿದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ. ಪುಸ್ತಕ ನಿಷೇಧಿಸಿ ಪಾಠ ತಿದ್ದುವುದು ಸರಕಾರದ ಕೆಲಸವಲ್ಲ ಎಂಬುದೂ ನನ್ನ ಅಭಿಪ್ರಾಯವೇ. ಆ ಕೆಲಸ ಹಸ್ತಪ್ರತಿ ಓದುವವರದು. ಅಂಥ ಓದಿಗಾಗಿ ಧಾರವಾಡದ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಬರಹವನ್ನೇ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಇದೇ ಊರಲ್ಲಿ, ಅವರ ಮನೆ ಬಾಗಿಲಲ್ಲೇ, ಅವರನ್ನು ಗುಂಡಿಟ್ಟು ಕೊಂದರು.

2018ರ ಮಾರ್ಚ್ 19ರಂದು ರಾಜ್ಯ ಮಂತ್ರಿಮಂಡಲ ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ ಕೊಡಲು ಕೇಂದ್ರಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಆ ಹೊತ್ತಿನಲ್ಲಿ ಪರ ವಿರೋಧ ಎರಡೂ ಬಣದವರು ವಚನಗಳನ್ನು ಅಫಿಡವಿಟ್ಟಿನಂತೆ ಬಳಸಿದರು. ನಾನು ಎರಡೂ ಕಡೆಯ ಸಭೆಗಳಿಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿದೆ. ಮಾದಾರ ಚೆನ್ನಯ್ಯ ತಮ್ಮವನೆಂದು ಬಸವಣ್ಣ ಆಡಿದ್ದನ್ನು ಎರಡೂ ಕಡೆಯವರು ಭಕ್ತಿಯಿಂದ ಹೇಳಿದರು. ಚೆನ್ನಯ್ಯನೇ ಆಡಿದ್ದನ್ನು ಒಬ್ಬರೂ ಹೇಳಲಿಲ್ಲ. ಅವನ ಹತ್ತು ವಚನಗಳು 1993ರಲ್ಲಿ ಸರಕಾರವೇ ಹೊರತಂದ 15 ಸಂಪುಟಗಳಲ್ಲಿ ಅಚ್ಚಾಗಿ ಕೂತಿವೆ. ಅವನ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಚರ್ಮದ ಕೆಲಸದ ಸಾಮಾನುಗಳನ್ನೇ ರುಜು ಮಾಡಿಕೊಂಡವನು ಅವನು. ಅಪ್ಪ ಉಳಿ ಹಿಡಿಯುವುದನ್ನು ನೋಡುತ್ತ ಬೆಳೆದ ನನಗೆ ಆ ಅಂಕಿತಕ್ಕೆ ಬೇರೆ ಪ್ರಮಾಣ ಬೇಕಿಲ್ಲ ಅನ್ನಿಸುತ್ತದೆ. ಇಲ್ಲಿ ಮಾತು ಖೊಟ್ಟಿಯಲ್ಲ, ಅಂಕಿತವೂ ಖೊಟ್ಟಿಯಲ್ಲ. ಆದರೂ ಒಬ್ಬನನ್ನು ಕುರಿತು ಇನ್ನೊಬ್ಬ ಆಡಿದ ಮಾತು ಸಾವಿರ ಸಲ ಉಲ್ಲೇಖಗೊಂಡು, ಅವನೇ ಆಡಿದ್ದು ಮೂಲೆ ಸೇರಿದರೆ ಅದೂ ಒಂದು ಬಗೆಯ ಅಪಹರಣವೇ. ದಲಿತ ವಿಮರ್ಶೆ ಎಂಬುದಕ್ಕೆ ಏನಾದರೂ ಅರ್ಥವಿದ್ದರೆ, ಅದು ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾರ ಮಾತು, ಯಾರ ಬಾಯಲ್ಲಿ?

ಈ ಪ್ರಶ್ನೆಯಿಂದ ನಾವೂ ತಪ್ಪಿಸಿಕೊಳ್ಳುವಂತಿಲ್ಲ. ಎಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ "ಶಿಕ್ಷಣ, ಸಂಘಟನೆ, ಹೋರಾಟ" ಎಂದು ಬರೆದು ಕೆಳಗೆ ಅಂಬೇಡ್ಕರ್ ಎಂದು ಹಾಕಿದವನು. 1942ರ ಜುಲೈನಲ್ಲಿ ನಾಗಪುರದಲ್ಲಿ ಅವರು ಹೇಳಿದ ಕ್ರಮ ಬೇರೆ: ಮೊದಲು ಶಿಕ್ಷಣ, ಆಮೇಲೆ ಚಳವಳಿ, ಕೊನೆಗೆ ಸಂಘಟನೆ. ಆ ಮೂರು ಶಬ್ದಗಳನ್ನು 1880ರ ದಶಕದಲ್ಲೇ ಇಂಗ್ಲಂಡಿನ ಸಮಾಜವಾದಿಗಳು ಬಳಸುತ್ತಿದ್ದರು. ಇದರಿಂದ ಬಾಬಾಸಾಹೇಬರು ಸಣ್ಣವರಾಗುವುದಿಲ್ಲ. ಜಗತ್ತಿನ ಕೂಲಿಕಾರರ ಜೊತೆ ಅವರಿಗಿದ್ದ ಸಂಬಂಧ ತಿಳಿಯುತ್ತದೆ. ಆದರೆ ಕ್ರಮ ಬದಲಿಸಿದ್ದರಿಂದ ನಮಗೆ ಹಾನಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಓದಿದವನ ಮನಸ್ಸಿನಲ್ಲಿ ಮೊದಲು ಕಳವಳ ಏಳಬೇಕು, ಪ್ರಶ್ನೆ ಹುಟ್ಟಬೇಕು, ಸಂಘ ಆಮೇಲೆ. ನಾವು ಸಂಘ ಮೊದಲು ಕಟ್ಟಿದೆವು, ಅಧ್ಯಕ್ಷರನ್ನು ಆರಿಸಿದೆವು, ಪ್ರಶ್ನೆ ಕೇಳಿದವರನ್ನು ಹೊರಗೆ ಹಾಕಿದೆವು.

"ಯಾರ್ ಅಂದ್ರೇನ್ರೀ ಸರ, ಮಾತು ಚೊಲೋ ಐತಿ, ಮಂದಿಗೆ ಉಪಯೋಗ ಆಕ್ಕೈತಿ, ಬಿಡ್ರಿ" ಎಂದು ಹುಡುಗರು ಹೇಳುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಎದುರಿನವನು ನಮ್ಮ ಒಂದು ಖೊಟ್ಟಿ ಉಲ್ಲೇಖ ಹಿಡಿದುಬಿಟ್ಟರೆ ನಮ್ಮ ಹತ್ತು ನಿಜಗಳೂ ಬಿದ್ದುಹೋಗುತ್ತವೆ. ಮಠಕ್ಕೆ, ಸರಕಾರಕ್ಕೆ ದಫ್ತರಗಳಿವೆ. ನಮ್ಮ ಕೇರಿಗೆ ಇರುವುದು ನೆನಪು ಮತ್ತು ಕೆಲವೇ ಕಾಗದ. ಆ ಕೆಲವನ್ನಾದರೂ ಕಲಬೆರಕೆಯಾಗದಂತೆ ಕಾಯಬೇಕು. ಇನ್ನೊಂದು ಕಾರಣವೂ ಇದೆ. ತಮ್ಮ ಮಾತನ್ನು ಪರೀಕ್ಷಿಸದೆ ಪೂಜಿಸಿ ಎಂದು ಅಂಬೇಡ್ಕರರು ಹೇಳಲಿಲ್ಲ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂದು 1949ರ ನವೆಂಬರ್ 25ರಂದು ಎಚ್ಚರಿಸಿದವರು ಅವರೇ.

ಅವ್ವ ಈಗಿಲ್ಲ. ಇದ್ದಿದ್ದರೆ ಅವಳಿಗೆ ಹೀಗೆ ಹೇಳುತ್ತಿದ್ದೆ: "ಯವ್ವಾ, ಮೆಕಾಲೆ ಹಂಗ ಅಂದೇ ಇಲ್ಲ. ಬುಟ್ಟಿ ಹಿಡಕೊಂಡು ತಿರಗಿದ ನಿಮ್ಮವ್ವನ ಸುದ್ದಿನೇ ಖರೆ. ಆ ಕಾಲಕ್ಕ ನಮ್ಮಂಥಾ ಒಬ್ಬ ಹುಡುಗ ಧಾರವಾಡದ ಸಾಲಿ ಬಾಗಿಲ ಬಡದಿದ್ದ. ಅವಂಗ ನ್ಯಾಯ ನಿಂದ ಐತಿ, ಆದ್ರ ಒಳಗ ಬರಬ್ಯಾಡ ಅಂದ್ರು."

ಖೊಟ್ಟಿ ಮಾತಿಗೆ ಮೆಕಾಲೆಯ ಹೆಸರು ಸಿಕ್ಕಿತು. ಆ ಹುಡುಗನ ನಿಜವಾದ ಅರ್ಜಿಗೆ, ನಾನು ಓದಿದ ಪುಟಗಳಲ್ಲಿ, ಹೆಸರಿಲ್ಲ. ಅರ್ಜಿದಾರ ಎಂದಷ್ಟೇ ಇದೆ. ಅವನು ಕೇಳಿದ್ದು ನಮಗೆ ಉಳಿದಿರುವುದು ಅವನನ್ನು ನಿರಾಕರಿಸಿದವರ ಬರವಣಿಗೆಯಲ್ಲಿ ಮಾತ್ರ.

ಕಳೆದ ಏಪ್ರಿಲ್ 14ರ ಮುಂಚೆ ನಮ್ಮ ಓಣಿಯ ಹುಡುಗರು ಗೋಡೆಗೆ ಸುಣ್ಣ ಬಳಿದು, ಏನು ಬರೆಯೋಣ ಎಂದು ಕೇಳಲು ಬಂದಿದ್ದರು. ಯಾವ ಮಾತು ಬರೆದರೂ ಕೆಳಗೆ ಹೆಸರಿನ ಜೊತೆ ಊರು, ತಾರೀಖು ಹಾಕಿರಿ. ಅದು ಸಿಗದಿದ್ದರೆ ಬರೆಯಬೇಡಿರಿ ಎಂದೆ.

"ಹಂಗಾದ್ರ ಅರ್ಧಾ ಗ್ವಾಡಿ ಖಾಲಿ ಉಳಿತೈತ್ರಿ ಸರ" ಎಂದು ಒಬ್ಬ ನಕ್ಕ.

ಆ ಖಾಲಿ ಅರ್ಧದ ಮೇಲೆ ನಾವು ಬರೆದದ್ದು ಇಷ್ಟು: ಧಾರವಾಡದ ಸರಕಾರಿ ಶಾಲೆಗೆ ಅರ್ಜಿ, ಜೂನ್ 1856. ನಿರಾಕರಣೆ, 21 ಜುಲೈ 1856. ಹಾದು ಹೋಗುವವರು ನಿಂತು ಇದೇನೆಂದು ಕೇಳುತ್ತಾರೆ. ಹುಡುಗರು ಹೇಳುತ್ತಾರೆ.